ಸರ್ಕಾರಿ ಹೊಲದಲ್ಲಿ ಮೊದಲ ಬೇಸಾಯ: ಲಾವಣಿಯೋ, ಪಟ್ಟಾವೋ?

ಸೇಡಂ, ಚಿಂಚೋಳಿ ಕಡೆ ಹೊಲ ಲಾವಣಿಗೆ ಹಿಡಿದಿದ್ದೇನೆ ಎಂದರೆ ಗುತ್ತಿಗೆಗೆ ಹಿಡಿದಿದ್ದೇನೆ ಎಂದರ್ಥ. ಗಡಿ ದಾಟಿ ತಾಂಡೂರು, ನಾರಾಯಣಖೇಡ, ಜಹೀರಾಬಾದಿಗೆ ಬಂದರೆ ಲಾವುಣಿ ಪಟ್ಟಾ ಎಂಬುದು ಭೂಮಿ ಇಲ್ಲದವರಿಗೆ ಸರ್ಕಾರ ಹಂಚಿದ ಹೊಲ. ಎರಡೂ ಭಾಷೆ ಬಲ್ಲ ನಮ್ಮವರು ಇಲ್ಲೇ ಎಡವುತ್ತಾರೆ. ಹೊಸದಾಗಿ ಒಕ್ಕಲುತನಕ್ಕೆ ಇಳಿಯುವ ಕೂಲಿ ಕುಟುಂಬ ಈ ವ್ಯತ್ಯಾಸ ತಿಳಿದಿರಬೇಕು.

ಇಂಗ್ಲೆಂಡಿನಲ್ಲಿ ಬೇರೆ ಪದ್ಧತಿ ಇದೆ. 1892 ಮತ್ತು 1908ರ ಕಾಯಿದೆಗಳ ಬಲದಿಂದ ಅಲ್ಲಿನ ಜಿಲ್ಲಾ ಪರಿಷತ್ತುಗಳೇ ಹೊಲ ಕೊಂಡು ಹೊಸಬರಿಗೆ ಬಾಡಿಗೆಗೆ ಕೊಟ್ಟವು. ಒಬ್ಬ ನಾಲ್ಕು ಕಾಸು ಕೂಡಿಸಿ ದೊಡ್ಡ ಹೊಲಕ್ಕೆ ಹೋದರೆ ಅದೇ ಹೊಲ ಮತ್ತೊಬ್ಬನಿಗೆ. 1970ರ ದಶಕದ ಕೊನೆಯಿಂದೀಚೆಗೆ ಪರಿಷತ್ತುಗಳು ಅದರಲ್ಲಿ ಸುಮಾರು ಅರ್ಧ ಭೂಮಿಯನ್ನು ಮಾರಿಕೊಂಡಿವೆ, ಆ ಮಾತು ಬೇರೆ.

ನಮ್ಮಲ್ಲಿ ಹೊಲ ಹಂಚುವುದೇ ರೂಢಿ. 2014ರ ಆಗಸ್ಟ್ 15ರಂದು ತೆಲಂಗಾಣ ಸರ್ಕಾರ ಆರಂಭಿಸಿದ ದಳಿತ ಬಸ್ತಿ ಯೋಜನೆಯಲ್ಲಿ, ಭೂಮಿ ಇಲ್ಲದ ಪರಿಶಿಷ್ಟ ಜಾತಿ ಕುಟುಂಬಕ್ಕೆ ಮಹಿಳೆಯ ಹೆಸರಿನಲ್ಲಿ ಮೂರು ಎಕರೆ. ಜೊತೆಗೆ ನೀರಾವರಿ, ಮೊದಲ ವರ್ಷದ ಬೀಜ, ಗೊಬ್ಬರ, ಉಳುಮೆಯ ಖರ್ಚು. ಯೋಜನೆಯ ಜಾಣತನ ಇದ್ದದ್ದು ಈ ಮೊದಲ ವರ್ಷದ ಖರ್ಚಿನಲ್ಲೇ. ಪಟ್ಟಾ ಸಿಕ್ಕಿದರೂ ಬಿತ್ತನೆಗೆ ದುಡ್ಡಿಲ್ಲದವರು ಮೊದಲ ಮಳೆಗಾಲದಲ್ಲೇ ಸಾಹುಕಾರನ ಬಾಗಿಲಿಗೆ ಹೋಗುತ್ತಾರೆ. ಆದರೆ ಸರ್ಕಾರದ ದರಕ್ಕೆ ಮಾರುವವರು ಸಿಗುವುದು ಕಷ್ಟವಾಗಿ, ಯೋಜನೆ ಗುರಿಗಿಂತ ಬಹಳ ಹಿಂದುಳಿಯಿತು. 2021ರಲ್ಲಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡುವ ದಲಿತ ಬಂಧು ಬಂತು.

ಇದಕ್ಕೂ ಎಷ್ಟೋ ಮೊದಲೇ ಜಹೀರಾಬಾದಿನ ಪಸ್ತಾಪುರದಲ್ಲಿ ಬೇರೆ ದಾರಿ ಹುಡುಕಿದ್ದರು. 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಇಲ್ಲಿನ ದಲಿತ ಮಹಿಳೆಯರ ಸಂಘಗಳು ಒಟ್ಟಾಗಿ ಹೊಲ ಗುತ್ತಿಗೆ ಹಿಡಿದು, ಕೆಲಸವನ್ನೂ ಫಸಲನ್ನೂ ಹಂಚಿಕೊಂಡವು. ಒಬ್ಬಳಿಗೆ ಹೊಲ ಕೊಡಲು ಹಿಂದೆಮುಂದೆ ನೋಡುವ ಮಾಲೀಕನೂ ಹತ್ತು ಮಂದಿ ಕೂಡಿ ಬಂದರೆ ಮಾತಿಗೆ ಕೂರುತ್ತಾನೆ.

1990ರ ದಶಕದ ಮಧ್ಯದಲ್ಲಿ ಸುಮಾರು 30 ಹಳ್ಳಿಗಳಲ್ಲಿ ಎರಡೂವರೆ ಸಾವಿರ ಎಕರೆಗೂ ಹೆಚ್ಚು ಬೀಳು ಭೂಮಿಯನ್ನು ಸಾಗುವಳಿಗೆ ತಂದರು. ಉಳುಮೆಗೆ, ಗೊಬ್ಬರಕ್ಕೆ, ಕಳೆ ತೆಗೆಯಲು ಸಾಲ. ತೀರಿಸಿದ್ದು ಜೋಳದ ರೂಪದಲ್ಲಿ. ಆ ಜೋಳ ಊರಲ್ಲೇ ಉಳಿದು, ಹಸಿದ ಮನೆಗಳಿಗೆ ಕಡಿಮೆ ಬೆಲೆಗೆ ಹೋಯಿತು. ಮೂರು ಎಕರೆ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಇದು ಗಟ್ಟಿ ಕೆಲಸ ಎಂಬುದು ನಮ್ಮ ಅಭಿಪ್ರಾಯ.

ಕರ್ನಾಟಕದಲ್ಲಿ ಭೂ ಒಡೆತನ ಯೋಜನೆ ಇದೆ. ಖರೀದಿ ಮೊತ್ತದಲ್ಲಿ ಅರ್ಧ ಸಹಾಯಧನ, ಅರ್ಧ ಸಾಲ. ಬೀದರಿನ ನೆಂಟರಿಗೆ ಸಿಕ್ಕಿತೆಂದು ಇಲ್ಲಿಂದ ಅರ್ಜಿ ಹಾಕಿ ಉಪಯೋಗವಿಲ್ಲ. ಅದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ.

ಯಾರದಾದರೂ ಹೊಲ ಗುತ್ತಿಗೆಗೆ ಹಿಡಿಯುವ ಮುನ್ನ ಎಂಆರ್‌ಓ ಆಫೀಸಿನಲ್ಲಿ ಸರ್ವೆ ನಂಬರ್ ವಿಚಾರಿಸಿ. ಅದು ಲಾವುಣಿ ಪಟ್ಟಾ ಆಗಿದ್ದರೆ 1977ರ ಕಾಯಿದೆ ಅಡ್ಡ ಬರುತ್ತದೆ. ವಾರಸುದಾರರಿಗೆ ಹೋಗಬಹುದೇ ಹೊರತು ಮಾರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ. ಕೊಟ್ಟದ್ದು ಗೊತ್ತಾದರೆ ಅಧಿಕಾರಿಗಳು ಹೊಲವನ್ನು ವಶಕ್ಕೆ ಪಡೆಯಬಹುದು. ಆಗ ನೀವು ಕೊಟ್ಟ ಮುಂಗಡಕ್ಕೆ ಕಾಗದದ ಆಧಾರವೇ ಇರುವುದಿಲ್ಲ.