ಬೆರಳಚ್ಚಿನ ಅಂಗಡಿಯ ಅಡಗಿದ ಆಸ್ತಿ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳಲ್ಲಿ ತಾಲ್ಲೂಕು ಕಚೇರಿಯ ಆಸುಪಾಸಿನ ಬೆರಳಚ್ಚಿನ ಅಂಗಡಿಗಳ ಮುಂದೆ ಬೆಳಗಿನ ಹೊತ್ತು ನಿಂತು ನೋಡಿದವರಿಗೆ ನಮ್ಮ ಸೀಮೆಯ ಬಾಳು ಎಂಥದೆಂಬುದು ಒಂದು ಗಳಿಗೆಯಲ್ಲಿ ತಿಳಿದುಬಿಡುತ್ತದೆ. ಬೀರೂರಿನಲ್ಲಿ ಕವಲೊಡೆದ ರೈಲುಹಾದಿ ಒಂದು ಕಡೆ ತರೀಕೆರೆಯ ಅಡಕೆ ತೋಟಗಳತ್ತ, ಇನ್ನೊಂದು ಕಡೆ ಅಮೃತಮಹಲ್ ದನಗಳಿಗೆ ಹೆಸರಾದ ಅಜ್ಜಂಪುರದ ಬಯಲಿನತ್ತ ಸಾಗುತ್ತದೆ. ತೋಟ ಮಾರುವವರು, ಅಣ್ಣತಮ್ಮಂದಿರಲ್ಲಿ ಪಾಲಾಗುವವರು, ಮಗಳಿಗೆ ನಿವೇಶನವನ್ನು ದಾನವಾಗಿ ಕೊಡುವವರು ಎಲ್ಲರೂ ಪಹಣಿಯ ಪ್ರತಿಯನ್ನು ಕೈಯಲ್ಲಿ ಹಿಡಿದು ಈ ಅಂಗಡಿಗಳ ಬೆಂಚಿನ ಮೇಲೆ ಕುಳಿತೇ ಮುಂದೆ ಹೋಗಬೇಕು. ಹೆಸರು, ಸರ್ವೆ ನಂಬರು, ಎಕರೆ, ಗುಂಟೆ, ಚಕ್ಕುಬಂದಿ ಇಷ್ಟನ್ನು ಹೇಳಿ ಕಾಫಿ ಕುಡಿದು ಬರುವಷ್ಟರಲ್ಲಿ ಕ್ರಯಪತ್ರದ ಕರಡು ಸಿದ್ಧವಾಗಿರುತ್ತದೆ. ಬಂದವರು ಬೆರಳಚ್ಚು ಮಾಡುವವರ ಕೈಚಳಕವನ್ನು ಮೆಚ್ಚಿಕೊಂಡು ಹೋಗುತ್ತಾರೆ.

ಕೈಚಳಕವಿಲ್ಲವೆಂದಲ್ಲ. ಆದರೆ ಆ ವೇಗದ ಮುಕ್ಕಾಲು ಪಾಲು ಬೆರಳಿನದಲ್ಲ, ವರ್ಷಗಟ್ಟಲೆ ಕಟ್ಟಿಕೊಂಡ ಅಚ್ಚಿನದು. ಮೊದಲ ಸಾಲಿನಿಂದ ಹಿಡಿದು ಬರೆದವರು ರುಜು ಹಾಕುವ ‘ಬಿಕ್ಕಲಂ’ವರೆಗೆ ಎಲ್ಲವನ್ನೂ ಜೋಡಿಸಿ, ತುಂಬಬೇಕಾದ ಜಾಗವನ್ನು ಮಾತ್ರ ಖಾಲಿ ಬಿಟ್ಟ ಮಾದರಿ ಕಡತಕ್ಕೆ ಟೆಂಪ್ಲೇಟ್ ಎಂದು ಹೆಸರು. ಹತ್ತಾರು ಕೆಲಸಗಳನ್ನು ಒಂದು ಕೀಲಿಗೆ ಕಟ್ಟಿ, ಆ ಕೀಲಿಯನ್ನು ಒತ್ತಿದೊಡನೆ ಯಂತ್ರವೇ ಮಾಡಿಮುಗಿಸುವಂತೆ ಬರೆದಿಟ್ಟ ಆಜ್ಞಾಮಾಲೆಗೆ ಮ್ಯಾಕ್ರೊ ಎಂದು ಹೆಸರು. 12,50,000 ಎಂಬ ಅಂಕಿಯನ್ನು ‘ಹನ್ನೆರಡು ಲಕ್ಷದ ಐವತ್ತು ಸಾವಿರ ರೂಪಾಯಿಗಳು ಮಾತ್ರ’ ಎಂದು ತಾನಾಗಿ ಅಕ್ಷರದಲ್ಲಿ ಬರೆಯುವ ಮ್ಯಾಕ್ರೊ ಒಂದಿದ್ದರೆ, ಹಣದ ವಿಷಯದಲ್ಲಿ ಆಗಬಹುದಾದ ಎಷ್ಟೋ ತಪ್ಪುಗಳು ಹುಟ್ಟುವ ಮೊದಲೇ ಅಳಿಯುತ್ತವೆ.

ಈಗ ಈ ಅಂಗಡಿಗಳಲ್ಲಿ ಯಂತ್ರ ಬದಲಾಯಿಸುವ ಕಾಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ಹಳೆಯ ಗಣಕಯಂತ್ರ ಹೋಗಿ ಹೊಸದು ಬರುವಾಗ ವರ್ಡ್ ತಂತ್ರಾಂಶವೂ ಹೊಸದಾಗುತ್ತದೆ. ಆಗ ಎಲ್ಲರೂ ತಪ್ಪದೆ ಮಾಡುವ ಕೆಲಸವೆಂದರೆ ಬರೆದಿಟ್ಟ ಪತ್ರಗಳನ್ನೆಲ್ಲ ಪೆನ್ ಡ್ರೈವಿಗೆ ತುಂಬಿಕೊಳ್ಳುವುದು. ಅಚ್ಚನ್ನೂ ಕೀಲಿಗಳನ್ನೂ ನೆನೆಯುವವರು ವಿರಳ. ಮನೆ ಬದಲಾಯಿಸುವಾಗ ಉಪ್ಪಿನಕಾಯಿ ಭರಣಿಗಳನ್ನೆಲ್ಲ ಜೋಪಾನವಾಗಿ ತಂದು, ಅಜ್ಜಿಯ ಅಳತೆಯ ಪಾವನ್ನು ಹಳೆಯ ಮನೆಯ ಅಟ್ಟದಲ್ಲೇ ಬಿಟ್ಟುಬಂದ ಹಾಗೆ. ತರೀಕೆರೆಯಲ್ಲಿ ನನಗೆ ಪರಿಚಯವಿರುವ ಹಿರಿಯ ಪತ್ರ ಬರಹಗಾರರೊಬ್ಬರಿಗೆ ಹೀಗೆಯೇ ಆಯಿತು. ಸಾವಿರಾರು ಪತ್ರಗಳು ಹೊಸ ಯಂತ್ರಕ್ಕೆ ಸುರಕ್ಷಿತವಾಗಿ ಬಂದವು. ಆದರೆ ಕೀಲಿ ಒತ್ತಿದರೆ ಏನೂ ಆಗಲಿಲ್ಲ. ಹಳೆಯ ಯಂತ್ರವನ್ನು ಆಗಲೇ ವಿನಿಮಯಕ್ಕೆ ಕೊಟ್ಟಾಗಿತ್ತು. ಮ್ಯಾಕ್ರೊ ಬರೆದುಕೊಟ್ಟ ಹುಡುಗ ಬೆಂಗಳೂರು ಸೇರಿದ್ದ. “ಮೇಷ್ಟ್ರೇ, ಕೈಯೇ ಕಳೆದುಹೋದಂತಾಗಿದೆ” ಎಂದು ಅವರು ಹೇಳಿದ ಮಾತಿನಲ್ಲಿ ಅತಿಶಯವೇನೂ ಇರಲಿಲ್ಲ.

ಈ ವಸ್ತುಗಳೆಲ್ಲ ಇರುವುದಾದರೂ ಎಲ್ಲಿ? ಬಹುಪಾಲು ‘ನಾರ್ಮಲ್’ ಎಂಬ ಹೆಸರಿನ ಒಂದೇ ಟೆಂಪ್ಲೇಟಿನಲ್ಲಿ. ಅದು ‘ಆಪ್‌ಡೇಟಾ’ ಎಂಬ, ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಮರೆಮಾಡಿದ ಫೋಲ್ಡರಿನೊಳಗೆ ‘ಟೆಂಪ್ಲೇಟ್ಸ್’ ಎಂಬಲ್ಲಿರುತ್ತದೆ. ಈ ಕಡತ ಸಿಗದಿದ್ದರೆ ವರ್ಡ್ ಗಲಾಟೆ ಮಾಡುವುದಿಲ್ಲ. ಮೌನವಾಗಿ ಹೊಸದೊಂದನ್ನು ಸೃಷ್ಟಿಸಿಕೊಂಡು ಏನೂ ಆಗದಂತೆ ತೆರೆದುಕೊಳ್ಳುತ್ತದೆ. ನಷ್ಟ ತಡವಾಗಿ ತಿಳಿಯುವುದು ಇದರಿಂದಲೇ. ಎರಡಕ್ಷರ ಬರೆದರೆ ಇಡೀ ಪದವಾಗುವ ‘ಆಟೋಕರೆಕ್ಟ್’ ಪಟ್ಟಿಯದು ಇನ್ನೊಂದು ಮನೆ: ಅದೇ ಆಪ್‌ಡೇಟಾದ ‘ಆಫೀಸ್’ ಫೋಲ್ಡರಿನಲ್ಲಿ ಭಾಷೆಗೊಂದರಂತೆ ಬೇರೆ ಬೇರೆ ಕಡತ. ವರ್ಡ್ 2013ರಿಂದ ಈಚೆಗೆ ನಾವೇ ಮಾಡಿಕೊಂಡ ಟೆಂಪ್ಲೇಟುಗಳು ‘ಡಾಕ್ಯುಮೆಂಟ್ಸ್’ ಒಳಗಿನ ‘ಕಸ್ಟಮ್ ಆಫೀಸ್ ಟೆಂಪ್ಲೇಟ್ಸ್’ನಲ್ಲಿ ಕೂರುತ್ತವೆ. ಮೂರು ಕಡೆ ಹುಡುಕಿದರೆ ಮೂರೂ ಸಿಗುತ್ತವೆ, ಕಷ್ಟವಿಲ್ಲ.

ತಂತ್ರಾಂಶದ ಪೀಳಿಗೆಗಳು ಬದಲಾದಾಗಲೂ ಒಂದಿಷ್ಟು ಸೋರಿಹೋಗಿದೆ. ವರ್ಡ್ 97ರಲ್ಲಿ ಮ್ಯಾಕ್ರೊ ಬರೆಯುವ ಭಾಷೆಯೇ ಬದಲಾಯಿತು. ವರ್ಡ್ 2007ರಲ್ಲಿ ಟೆಂಪ್ಲೇಟಿಗೆ ಎರಡು ಜಾತಿ ಹುಟ್ಟಿದವು: ಹೆಸರಿನ ಕೊನೆಯಲ್ಲಿ ‘ಎಂ’ ಇದ್ದರೆ ಮ್ಯಾಕ್ರೊಗೆ ಆಶ್ರಯ, ‘ಎಕ್ಸ್’ ಇದ್ದರೆ ಇಲ್ಲ. ಎಕ್ಸ್ ಬಗೆಯಲ್ಲಿ ಉಳಿಸುವಾಗ ಬರುವ ಎಚ್ಚರಿಕೆಯನ್ನು ಓದದೆ ‘ಎಸ್’ ಒತ್ತಿದವರ ಮ್ಯಾಕ್ರೊ ಅಲ್ಲಿಗೇ ಸಮಾಪ್ತಿ. 2022ರಿಂದ ಈಚೆಗೆ, ಅಂತರಜಾಲದ ಮೂಲಕ ಬಂದ ಕಡತದ ಮ್ಯಾಕ್ರೊಗಳನ್ನು ವರ್ಡ್ ತಡೆಹಿಡಿಯುತ್ತದೆ. ಕಡತದ ‘ಪ್ರಾಪರ್ಟೀಸ್’ ತೆರೆದು ‘ಅನ್‌ಬ್ಲಾಕ್’ಗೆ ಗುರುತು ಹಾಕಿದರೆ ತಡೆ ಬಿಡುತ್ತದೆ, ಕಡತ ನಮ್ಮದೇ ಎಂಬುದು ಖಚಿತವಾಗಿದ್ದರೆ ಮಾತ್ರ ಹಾಗೆ ಮಾಡಬೇಕು.

ಇಷ್ಟು ಲೋಕಕ್ಕೆಲ್ಲ ಸಮಾನ. ಕನ್ನಡದಲ್ಲಿ ಬರೆಯುವವರಿಗೆ ಇದರ ಮೇಲೆ ಇನ್ನೊಂದು ತೊಡಕಿದೆ. ನನ್ನ ಅಭಿಪ್ರಾಯದಲ್ಲಿ ದೊಡ್ಡ ತೊಡಕು ಅದೇ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ವೂ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಸಾಮಾನ್ಯರಿಗೆ ಕನ್ನಡವನ್ನು ಗಣಕದ ಮೇಲೆ ಒದಗಿಸಿಕೊಟ್ಟ ಉಪಕಾರ ಸಣ್ಣದಲ್ಲ. ಆದರೆ ಅಂದಿನ ಅಕ್ಷರಗಳು ರೋಮನ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇದ್ದವು. ನುಡಿಯ ‘ನ’ಕಾರ ಕುಳಿತಿದ್ದ ಸ್ಥಾನ ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತಿನದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕ್ರಯಪತ್ರ ತೆರೆದರೆ ಊರ ಹೆಸರೂ ತಂದೆಯ ಹೆಸರೂ ಪೌಂಡುಗಳ ಸಂತೆಯಾಗಿ ಕಾಣುತ್ತಿದ್ದುದು ಇದರಿಂದ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಸ್ವಂತ ಮನೆಯಾಯಿತು. ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಇವೆ.

ಆದರೆ ಆ ಸಾಧನಗಳು ಪರಿವರ್ತಿಸುವುದು ಪುಟದ ಮೇಲಿನ ಬರಹವನ್ನು. ಮ್ಯಾಕ್ರೊವಿನ ಹೊಟ್ಟೆಯೊಳಗಿರುವ ‘ಹನ್ನೆರಡು ಲಕ್ಷ’ ಹಳೆಯ ವೇಷದಲ್ಲೇ ಉಳಿಯುತ್ತದೆ. ಯೂನಿಕೋಡಿನ ಪತ್ರದ ನಡುವೆ ಮೊಬಲಗಿನ ಜಾಗದಲ್ಲಿ ಮಾತ್ರ ಪೌಂಡುಗಳನ್ನು ಸುರಿಯುತ್ತದೆ. ಹೋಗಲಿ, ಮ್ಯಾಕ್ರೊ ತೆರೆದು ಕನ್ನಡದಲ್ಲೇ ತಿದ್ದೋಣವೆಂದರೆ, ವರ್ಡಿನೊಳಗೆ ಮ್ಯಾಕ್ರೊ ಬರೆಯುವ ಕಿಟಕಿಗೆ ಯೂನಿಕೋಡ್ ಕನ್ನಡ ತಿಳಿಯದು. ಅಕ್ಷರಕ್ಕೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿಬಿಡುತ್ತದೆ. ‘ಕ’ಕಾರ ಬೇಕಾದರೆ ಅದರ ಸಂಖ್ಯೆಯಾದ 3221ನ್ನು ಕೊಟ್ಟು ಕರೆಯಬೇಕು. ಒಂದೊಂದು ಅಕ್ಷರಕ್ಕೂ ಹೀಗೆ ಸಂಖ್ಯೆ ಬರೆಯುವ ಸಂಯಮ ಯಾರಿಗುಂಟು? ಸುಲಭದ ದಾರಿಯೊಂದಿದೆ. ಮ್ಯಾಕ್ರೊವಿಗೆ ಬೇಕಾದ ಕನ್ನಡದ ಮಾತುಗಳನ್ನೆಲ್ಲ ಟೆಂಪ್ಲೇಟಿನ ಪುಟದಲ್ಲಿಯೇ ಒಂದು ಕೋಷ್ಟಕವಾಗಿ ಬರೆದಿಟ್ಟು, ಅಲ್ಲಿಂದ ಓದಿಕೊಳ್ಳುವಂತೆ ಮ್ಯಾಕ್ರೊವನ್ನು ತಿದ್ದಿಸುವುದು. ಮುಂದೆ ಲಿಪಿಯ ವ್ಯವಸ್ಥೆ ಮತ್ತೆ ಬದಲಾದರೂ ಕೋಷ್ಟಕವನ್ನು ಪರಿವರ್ತಿಸಿದರೆ ಸಾಕು.

ಹಾಗೆಂದು ಹಳೆಯದನ್ನು ಇದ್ದಂತೆಯೇ ಕಾಪಾಡುವುದೂ ಕ್ಷೇಮವಲ್ಲ. ಅಜ್ಜಂಪುರ ಬಹುಕಾಲ ತರೀಕೆರೆ ತಾಲ್ಲೂಕಿನ ಒಂದು ಹೋಬಳಿಯಾಗಿತ್ತು. 2017ರ ಆಯವ್ಯಯದಲ್ಲಿ ಸರ್ಕಾರ ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ಅದರ ಹೆಸರೂ ಸೇರಿ, ಬಳಿಕ ಪ್ರತ್ಯೇಕ ತಾಲ್ಲೂಕಾಯಿತು. ಅಂದಿನವರೆಗೆ ಕಟ್ಟಿದ ಟೆಂಪ್ಲೇಟುಗಳಲ್ಲೆಲ್ಲ ‘ತರೀಕೆರೆ ತಾಲ್ಲೂಕು, ಅಜ್ಜಂಪುರ ಹೋಬಳಿ’ ಎಂದೇ ಇತ್ತು; ಆಮೇಲೆ ತಿದ್ದಿಕೊಂಡರು. ಈಗ ಯಂತ್ರ ಕೆಟ್ಟಾಗ ಬೀರುವಿನಲ್ಲಿದ್ದ ಹಳೆಯ ಸಿ.ಡಿ.ಯಿಂದ ಟೆಂಪ್ಲೇಟನ್ನು ಎತ್ತಿಕೊಂಡರೆ ಅಳಿದ ವಿಳಾಸ ಮತ್ತೆ ಜೀವ ತಾಳುತ್ತದೆ. ಓದದೆ ರುಜು ಹಾಕುವುದು ನಮ್ಮ ಜನರ ಪುರಾತನ ಅಭ್ಯಾಸ. ಅದೇ ತಪ್ಪಿನೊಡನೆ ಪತ್ರ ನೋಂದಣಿಯಾಗಿಬಿಟ್ಟರೆ, ಕೊಂಡವನು ತಿದ್ದುಪಡಿ ಪತ್ರಕ್ಕಾಗಿ ಮಾರಿದವನನ್ನು ಹುಡುಕಿಕೊಂಡು ಅಲೆಯಬೇಕು. ಮಾರಿದವನು ಅಷ್ಟರಲ್ಲಿ ಯಾವ ಊರು ಸೇರಿರುತ್ತಾನೋ!

ಆದುದರಿಂದ ಯಂತ್ರ ಬದಲಾಯಿಸುವವರು ಮೊದಲು ನಾರ್ಮಲ್ ಕಡತವನ್ನೂ ಆಟೋಕರೆಕ್ಟ್ ಕಡತಗಳನ್ನೂ ಸ್ವಂತ ಟೆಂಪ್ಲೇಟುಗಳನ್ನೂ ವರ್ಡ್ ಮುಚ್ಚಿದ ಮೇಲೆ ಪ್ರತಿ ಮಾಡಿ, ಮೇಲೆ ತಾರೀಖು ಬರೆದಿಡುವುದು ಲೇಸು. ಮ್ಯಾಕ್ರೊಗಳನ್ನು ಬರೆಯುವ ಕಿಟಕಿಯಿಂದಲೇ ‘ಎಕ್ಸ್‌ಪೋರ್ಟ್’ ಮಾಡಿದರೆ ಸಾಧಾರಣ ಪಠ್ಯದ ಕಡತಗಳಾಗಿ ಹೊರಬರುತ್ತವೆ. ಅವನ್ನು ಕಾಗದದ ಮೇಲೂ ಮುದ್ರಿಸಬಹುದು. ಯಾವ ಕೀಲಿ ಯಾವ ಕೆಲಸಕ್ಕೆ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಕೈಯಿಂದ ಬರೆದಿಡಬೇಕು. ಮಾಡಿದ ಹುಡುಗ ಊರಿನಲ್ಲಿರುವಾಗಲೇ ಕೇಳಿ ಬರೆದುಕೊಂಡರೆ ಇನ್ನೂ ಉತ್ತಮ. ಹಳೆಯ ಯಂತ್ರವನ್ನು ಮಾರುವ ಮೊದಲು ಹೊಸದರಲ್ಲಿ ಒಂದು ಕ್ರಯಪತ್ರ, ಒಂದು ವಿಭಾಗಪತ್ರ, ಒಂದು ದಾನಪತ್ರವನ್ನು ಪೂರ್ತಿಯಾಗಿ ತಯಾರಿಸಿ, ಮೊಬಲಗು, ಚಕ್ಕುಬಂದಿಯ ನಾಲ್ಕು ದಿಕ್ಕು, ಹೋಬಳಿ, ತಾಲ್ಲೂಕು ಇವನ್ನು ಗಟ್ಟಿಯಾಗಿ ಓದಿಸಿ ಕೇಳಬೇಕು. ತರೀಕೆರೆಯ ಆ ಹಿರಿಯರು ಈಗ ಹೊಸದಾಗಿ ಕಟ್ಟಿಕೊಂಡ ಟೆಂಪ್ಲೇಟುಗಳ ಒಂದು ಪ್ರತಿಯನ್ನು ಅಂಗಡಿಯಲ್ಲಿಯೂ ಇನ್ನೊಂದನ್ನು ಮನೆಯ ಪೆಟ್ಟಿಗೆಯಲ್ಲಿ, ತಮ್ಮದೇ ತೋಟದ ಕಾಗದಪತ್ರಗಳ ಜೊತೆಯಲ್ಲಿಯೂ ಇಟ್ಟಿದ್ದಾರೆ.