ಛೆಟ್ರಿ: ಗೋಲು ಅಷ್ಟೇ, ಓಟ ಮಾತ್ರ ಕಡಿಮೆ

ಬೆಂಗಳೂರು: ವೇಗ ಕುಂದಿದರೆ ಫುಟ್‌ಬಾಲ್ ಆಟಗಾರನ ಕಥೆ ಮುಗಿದಂತೆ ಎಂಬುದು ಗ್ಯಾಲರಿಯಲ್ಲಿ ಸದಾ ಕೇಳಿಬರುವ ಮಾತು. ಬೆಂಗಳೂರು ಎಫ್‌ಸಿ ತಂಡದ ಸುನಿಲ್ ಛೆಟ್ರಿ ಅವರ ಲೆಕ್ಕ ಬೇರೆಯೇ ಇದೆ. 2013-14ರ ಐ-ಲೀಗ್‌ನಲ್ಲಿ ಅವರು ಗಳಿಸಿದ್ದು 14 ಗೋಲು. 2017-18ರ ಐಎಸ್‌ಎಲ್‌ನಲ್ಲೂ 14. ವಯಸ್ಸು 40 ದಾಟಿದ ಬಳಿಕ, 2024-25ರಲ್ಲಿ ಮತ್ತೆ 14. ಸಂಖ್ಯೆ ಬದಲಾಗಲಿಲ್ಲ, ಆಡಿದ ಜಾಗ ಮತ್ತು ಪಟ್ಟ ಶ್ರಮದ ಸ್ವರೂಪ ಬದಲಾಯಿತು.

ಅಂಚಿನಿಂದ ನಡುವಿಗೆ

ಬೆಂಗಳೂರಿಗೆ ಬಂದ ಆರಂಭದ ವರ್ಷಗಳಲ್ಲಿ ಛೆಟ್ರಿ ಹೆಚ್ಚಾಗಿ ಎಡ ಅಂಚಿನಲ್ಲಿ ಆಡುತ್ತಿದ್ದರು. ಈ ಸ್ಥಾನದ ಆಟಗಾರನದು ದುಪ್ಪಟ್ಟು ದುಡಿಮೆ: ಚೆಂಡು ಸಿಕ್ಕಾಗ ಮುನ್ನುಗ್ಗಬೇಕು, ಕಳೆದುಕೊಂಡಾಗ ಹಿಂದೋಡಿ ರಕ್ಷಣೆಗೆ ನೆರವಾಗಬೇಕು. 2017-18ರಲ್ಲಿ ನಡುವೆ ವೆನೆಜುವೆಲಾದ ಮಿಕು ಎದುರಾಳಿ ರಕ್ಷಕರನ್ನು ಹಿಡಿದಿಡುತ್ತಿದ್ದರೆ, ಛೆಟ್ರಿ ಎಡದಿಂದ ಒಳನುಗ್ಗಿ ಗೋಲು ಹೊಡೆಯುತ್ತಿದ್ದರು. ಆ ಋತುವಿನಲ್ಲಿ ಮಿಕು ಗಳಿಸಿದ್ದು 15 ಗೋಲು.

ಮೈದಾನದ ಆಟಗಾರ ಒಂದು ಪಂದ್ಯದಲ್ಲಿ ಸಾಮಾನ್ಯವಾಗಿ ಸುಮಾರು 10 ಕಿ.ಮೀ. ಕ್ರಮಿಸುತ್ತಾನೆ. ಅದರಲ್ಲಿ ಪೂರ್ಣ ವೇಗದ ಓಟದ ಪಾಲು ಅಲ್ಪ. ಆದರೆ ವಯಸ್ಸು ಮೊದಲು ಕಸಿದುಕೊಳ್ಳುವುದು ಆ ಪಾಲನ್ನೇ, ಜೊತೆಗೆ ಒಂದು ಓಟದ ಬೆನ್ನಿಗೇ ಮತ್ತೊಂದಕ್ಕೆ ಸಿದ್ಧವಾಗುವ ಶಕ್ತಿಯನ್ನು. ಆದ್ದರಿಂದ ಅಂಚಿನ ಆಟಗಾರರು ಕಾಲಕ್ರಮೇಣ ನಡುವಿಗೆ ಸರಿಯುತ್ತಾರೆ. ರಯಾನ್ ಗಿಗ್ಸ್ ಮಿಡ್‌ಫೀಲ್ಡ್‌ಗೆ ಸರಿದು 40ರವರೆಗೆ ಆಡಿದರು. ಕ್ರಿಸ್ಟಿಯಾನೊ ರೊನಾಲ್ಡೊ ಗೋಲಿನ ಮುಂದೆ ನೆಲೆಸಿದರು.

ಛೆಟ್ರಿ ಆರಿಸಿಕೊಂಡದ್ದೂ ಗೋಲಿನ ಮುಂದಿನ ಜಾಗವನ್ನೇ. ಅವರ ಎತ್ತರ ಸುಮಾರು ಐದು ಅಡಿ ಏಳು ಅಂಗುಲ ಮಾತ್ರ. ಆದರೂ ಚೆಂಡು ಎಲ್ಲಿಗೆ ಬೀಳುವುದೆಂದು ಮೊದಲೇ ಗ್ರಹಿಸಿ ಜಿಗಿಯುವ ಕಲೆ ವಯಸ್ಸಿನೊಂದಿಗೆ ಮಾಸಲಿಲ್ಲ.

ಬೆಂಚಿನ ಪಾಠ

ಮೂರನೆಯ ಬದಲಾವಣೆ ಸಮಯದ್ದು. 2022-23ರಲ್ಲಿ ತಾರೆಯೇ ಅನೇಕ ಪಂದ್ಯಗಳನ್ನು ಬೆಂಚಿನಿಂದ ಆರಂಭಿಸಬೇಕಾಯಿತು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಬದಲಿಯಾಗಿ ಬಂದು, ಹೆಚ್ಚುವರಿ ಅವಧಿಯಲ್ಲಿ ಎದುರಾಳಿಗಳು ಸಜ್ಜಾಗುವ ಮುನ್ನವೇ ಫ್ರೀಕಿಕ್‌ನಲ್ಲಿ ಗೋಲು ಹೊಡೆದರು. ಬ್ಲಾಸ್ಟರ್ಸ್ ತಂಡ ಪ್ರತಿಭಟಿಸಿ ಮೈದಾನದಿಂದ ಹೊರನಡೆಯಿತು. 2024ರ ಡಿಸೆಂಬರ್‌ನಲ್ಲಿ ಅದೇ ಎದುರಾಳಿಯ ವಿರುದ್ಧ ಹ್ಯಾಟ್ರಿಕ್ ಗಳಿಸಿದರು. 2025ರ ಏಪ್ರಿಲ್‌ನಲ್ಲಿ ಗೋವಾ ವಿರುದ್ಧದ ಸೆಮಿಫೈನಲ್‌ನ ಕೊನೆಯ ಕ್ಷಣಗಳಲ್ಲಿ ಅವರ ಹೆಡರ್ ತಂಡವನ್ನು ಫೈನಲ್‌ಗೆ ಒಯ್ದಿತು.

ಆದರೆ ಇದಕ್ಕೆ ಬೆಲೆಯೂ ಇದೆ. ಹಿರಿಯ ಆಟಗಾರ ಉಳಿಸಿದ ಓಟವನ್ನು ಬೇರೊಬ್ಬರು ಓಡಲೇಬೇಕು. ಎದುರಾಳಿಯ ಮೇಲೆ ಒತ್ತಡ ಹೇರುವ ಹೊಣೆ ಕಿರಿಯರ ಹೆಗಲೇರುತ್ತದೆ. ಕ್ಲಬ್‌ನಲ್ಲಿ ಈ ಹಂಚಿಕೆ ಸಾಧ್ಯವಾಯಿತು. ರಾಷ್ಟ್ರೀಯ ತಂಡದಲ್ಲಿ ಆಗಲಿಲ್ಲ. 2024ರ ಜೂನ್‌ನಲ್ಲಿ ವಿದಾಯ ಹೇಳಿದ್ದ ಛೆಟ್ರಿ ಅವರನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆತರಲಾಯಿತು. ಮಾಲ್ಡೀವ್ಸ್ ವಿರುದ್ಧ ಅವರ 95ನೇ ಅಂತರರಾಷ್ಟ್ರೀಯ ಗೋಲೂ ಬಂತು. ಆದರೆ 2027ರ ಏಷ್ಯಾಕಪ್‌ಗೆ ಅರ್ಹತೆ ಗಳಿಸಲು ಭಾರತ ವಿಫಲವಾಯಿತು.

ಆಟಗಾರನೊಬ್ಬ ತನ್ನ ಜಾಗವನ್ನು ಬದಲಿಸಿಕೊಂಡು ಬಾಳಬಹುದು. ಅವನು ಬಿಟ್ಟುಹೋದ ಜಾಗವನ್ನು ತುಂಬುವವರನ್ನು ಬೆಳೆಸುವುದು ಮಾತ್ರ ಅವನೊಬ್ಬನಿಂದ ಆಗುವ ಕೆಲಸವಲ್ಲ.