ಹೊಗೆ ಮೇಲಕ್ಕೆ, ಗ್ಯಾಸು ಕೆಳಕ್ಕೆ

ಕಡೂರಿನ ಒಲೆ ರಿಪೇರಿಯವರ ಚೀಲದಲ್ಲಿ ಇದ್ದದ್ದು ಇಷ್ಟು: ಎರಡು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಕೂದಲೆಳೆಯಷ್ಟು ಸಣ್ಣ ತಂತಿಯ ಪಿನ್ನು, ಗ್ರೀಸ್ ಡಬ್ಬಿ, ಸುತ್ತಿಟ್ಟ ಕಿತ್ತಳೆ ಬಣ್ಣದ ಪೈಪು, ಹಳೇ ಟೂತ್‌ಬ್ರಷ್ಷು, ಎರಡು ರೂಪಾಯಿಯ ಶಾಂಪೂ ಪೊಟ್ಟಣ ನಾಲ್ಕು. ಶಾಂಪೂ ಯಾಕೆ ಎಂದು ಕೇಳಿದೆ. "ಸೋಪಿನ ನೊರೆ ಬೇಗ ಇಳಿದುಬಿಡುತ್ತೆ ಮೇಡಂ. ಇದು ನಿಲ್ಲುತ್ತೆ" ಎಂದರು. ಅವರ ಬೈಕಿನ ಹಿಂದೆ ಕೂತು ಒಂದು ಬೆಳಗ್ಗೆ ಪೂರ್ತಿ ಬೇರೆಯವರ ಅಡುಗೆಮನೆಗಳನ್ನು ಹೊಕ್ಕು ಬಂದೆ. ಹೊಸಬರನ್ನು ನಡುಮನೆಯಲ್ಲಿ ಕೂರಿಸಿ ಮಾತಾಡಿಸುವ ಸೀಮೆ ಇದು. ಒಲೆ ರಿಪೇರಿಯವರ ಜೊತೆ ಹೋದರೆ ಮಾತ್ರ ನೇರ ಒಳಕ್ಕೆ ಬಿಡುತ್ತಾರೆ.

ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಒಂದು ಕಾಲಕ್ಕೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಹೆಸರು ದೊಡ್ಡದಾದರೂ ಮಳೆ ಮಾತ್ರ ಇಲ್ಲಿ ಯಾವಾಗಲೂ ಚಿಕ್ಕದೇ. ಆದರೂ ತೆಂಗು ಕೈಬಿಟ್ಟಿಲ್ಲ. ಮೊದಲು ಹೋದದ್ದು ಅಂಥದೊಂದು ತೋಟದ ನಡುವಿನ ಹಳೇ ಹೆಂಚಿನ ಮನೆಗೆ. ಅಡುಗೆಮನೆ ಹೊಗೆಗೆಂದೇ ಕಟ್ಟಿದ್ದು. ಮಾಡಿನಲ್ಲಿ ಬೆಳಕಿಂಡಿ, ಗೋಡೆಯ ತುದಿಯಲ್ಲಿ ಎರಡು ಗವಾಕ್ಷಿ, ಗೇಣುದ್ದಕ್ಕೂ ಎತ್ತರದ ಹೊಸ್ತಿಲು. ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಉಂಡೆ ಕೊಬ್ಬರಿಗೆ ಬಿಟ್ಟ ಕಾಯಿ. ಒಳಗಿನ ನೀರು ಆರಿ ಕೊಬ್ಬರಿ ಗಿಟಕಾಗಿ ಅಲ್ಲಾಡಲು ವರ್ಷ ಹತ್ತಿರ ಬೇಕು, ಅಲ್ಲಿಯವರೆಗೆ ಅಷ್ಟೂ ಸಿಪ್ಪೆ, ಅಷ್ಟೂ ಎಣ್ಣೆ ಒಲೆಯ ನೆತ್ತಿಯ ಮೇಲೇ ಇರುತ್ತದೆ. ಸೌದೆ ಒಲೆ ಇದ್ದ ಮೂಲೆಯಲ್ಲೇ ಕಡಪ ಕಲ್ಲಿನ ಕಟ್ಟೆ ಕಟ್ಟಿ ಗ್ಯಾಸ್ ಒಲೆ ಇಟ್ಟಿದ್ದಾರೆ.

"ಪಾತ್ರೆ ತಳ ಎಲ್ಲ ಕರಿ ಹಿಡೀತಿದೆ ಅಣ್ಣ" ಎಂದು ಮನೆಯಾಕೆಯ ದೂರು. ಉರಿ ಹಚ್ಚಿ ತೋರಿಸಿದರು. ನೀಲಿ ಇರಬೇಕಾದದ್ದು ಹಳದಿಯಾಗಿ, ದೀಪದ ಕುಡಿಯಂತೆ ಓಲಾಡುತ್ತಿತ್ತು. ಗ್ಯಾಸಿನ ಜೊತೆ ಸಾಕಷ್ಟು ಗಾಳಿ ಬೆರೆಯುತ್ತಿಲ್ಲ ಎಂದು ಅರ್ಥ. ರಿಪೇರಿಯವರು ಬರ್ನರ್ ಬಿಚ್ಚಿ ಕಟ್ಟೆಗೆ ಕುಟ್ಟಿದರು. ಸೀದ ಹಾಲಿನ ಹಕ್ಕಳೆ, ಎರಡು ಅಕ್ಕಿಕಾಳು, ಒಂದು ಜಿರಳೆಯ ಕಾಲು ಉದುರಿದವು. ಜೆಟ್ಟಿನ ಕಣ್ಣಿಗೆ ಪಿನ್ನು ಒಂದೇ ಸಲ ಹಾಕಿ ತೆಗೆದರು. ಹಿಂದೆ ಯಾರೋ ಸೇಫ್ಟಿ ಪಿನ್ನಿನಿಂದ ಚುಚ್ಚಿ ತೂತು ಅಗಲ ಮಾಡಿದ್ದಾರೆ, ಇನ್ನೊಂದು ಸಲ ಚುಚ್ಚಿದರೆ ಜೆಟ್ಟನ್ನೇ ಬದಲಾಯಿಸಬೇಕು ಎಂದು ಗೊಣಗಿದರು.

ಆಮೇಲೆ ಶಾಂಪೂ. ಲೋಟದಲ್ಲಿ ಕಲಕಿ ಬ್ರಷ್ಷಿನಿಂದ ಪೈಪಿನುದ್ದಕ್ಕೂ ಬಳಿದರು. ರೆಗ್ಯುಲೇಟರ್ ಕಡೆ ಏನೂ ಇಲ್ಲ. ಒಲೆಗೆ ಸೇರುವ ತುದಿಯಲ್ಲಿ, ಪೈಪು ಬಾಗಿದ ಜಾಗದಲ್ಲಿ, ಮೀನಿನ ಕಣ್ಣಿನಂಥ ಒಂದು ಗುಳ್ಳೆ ಎದ್ದಿತು. ಒಡೆಯಿತು. ಮತ್ತೊಂದು ಎದ್ದಿತು. ಮನೆಯಾಕೆ ಅದನ್ನೇ ದಿಟ್ಟಿಸಿ, "ವಾಸನೆ ಬರ್ತಿತ್ತು, ಆಚೆ ಚರಂಡಿದು ಅಂದ್ಕೊಂಡಿದ್ದೆ" ಎಂದರು.

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಕೊಳೆತ ಕೋಸಿನಂಥ ಆ ನಾತವನ್ನು ತಿಳಿಯಲೆಂದೇ ಬೆರೆಸುತ್ತಾರೆ. ಗಾಳಿಯಲ್ಲಿ ಹೊತ್ತಿಕೊಳ್ಳುವಷ್ಟು ಗ್ಯಾಸು ಸೇರುವ ಬಹಳ ಮುಂಚೆಯೇ, ಅದರ ಐದನೇ ಒಂದು ಪಾಲು ಇದ್ದಾಗಲೇ ಮೂಗಿಗೆ ಗೊತ್ತಾಗಬೇಕೆಂಬುದು ಲೆಕ್ಕ. ನೂರು ಪಾಲು ಗಾಳಿಯಲ್ಲಿ ಸುಮಾರು 2 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಕಾದಿರುತ್ತದೆ.

ಪೈಪಿನ ಮೇಲೆ ಅಚ್ಚಾದ ವರ್ಷ ಓದಿದೆವು. 5 ವರ್ಷಕ್ಕೆ ಬದಲಾಯಿಸಬೇಕಾದ್ದಕ್ಕೆ 8 ವರ್ಷವಾಗಿತ್ತು. ಕಿತ್ತಳೆ ಪೈಪಿನೊಳಗೆ ತಂತಿಯ ಹೆಣಿಗೆ ಇರುತ್ತದೆ, ಇಲಿ ಕಡಿದರೂ ಸುಲಭಕ್ಕೆ ತೂತಾಗುವುದಿಲ್ಲ. ಆದರೆ ತುದಿಯ ರಬ್ಬರು ಶಾಖಕ್ಕೆ ಸೀಳುತ್ತದೆ. ಉದ್ದ ಒಂದೂವರೆ ಮೀಟರು ಮೀರಬಾರದು, ಎರಡು ತುಂಡು ಜೋಡಿಸಬಾರದು. ಈ ಮನೆಯಲ್ಲಿ ಅಂದ ಕಾಣಲೆಂದು ಪೈಪಿಗೆ ಹೂವಿನ ಬಟ್ಟೆಯ ಗವಸು ಹೊಲಿದು ಹಾಕಿದ್ದರು. ಶಾಂಪೂ ಬಳಿಯುವ ಮೊದಲೇ ರಿಪೇರಿಯವರು ಮಾತಿಲ್ಲದೆ ಅದನ್ನು ಬಿಚ್ಚಿ ಮಡಚಿ ಕೈಗೆ ಕೊಟ್ಟಿದ್ದರು. ಬಿರುಕು ಬಿಟ್ಟರೂ ಕಾಣದಂತೆ ಮುಚ್ಚುವುದು ಅದೇ ಗವಸು.

ನನಗೆ ಹೊಳೆದದ್ದು ಹೊರಡುವಾಗ ಹೊಸ್ತಿಲು ದಾಟುತ್ತ. ಹೊಗೆ ಮೇಲೇರುತ್ತದೆ, ಅದಕ್ಕೆ ಮೇಲೆ ಕಿಂಡಿ. ಗ್ಯಾಸು ಗಾಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ, ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ. ಗವಾಕ್ಷಿ ಎಷ್ಟಿದ್ದರೂ ಅದಕ್ಕೆ ದಾರಿಯಲ್ಲ. ಲಕ್ಷ್ಮಿ ಹೊರಗೆ ಹೋಗದಿರಲಿ ಎಂದು ಎತ್ತರಕ್ಕೆ ಇಟ್ಟ ಹೊಸ್ತಿಲು ಗ್ಯಾಸಿಗೂ ಕಟ್ಟೆ ಕಟ್ಟುತ್ತದೆ. ಇಂಥ ಮನೆಗಳಲ್ಲಿ ನೆಲಮಟ್ಟದಲ್ಲಿ ಒಂದು ಕಂಡಿ ಕೊರೆದು ಇಲಿ ಬಾರದಂತೆ ಜಾಲರಿ ಹಾಕುವುದು ಲೇಸು. ಬಚ್ಚಲ ನೀರು ಹೋಗಲು ಮೋರಿ ಇಟ್ಟಿದ್ದೇವಲ್ಲ, ಹಾಗೆ.

ವಾಸನೆ ಬಂದರೆ ಏನು ಮಾಡಬೇಕು? ಲೈಟಿನ ಸ್ವಿಚ್ಚು ಹಾಕುವುದೂ ಬೇಡ, ಆರಿಸುವುದೂ ಬೇಡ. ಕಿಡಿ ಎರಡರಲ್ಲೂ ಇದೆ. ಫ್ಯಾನು, ಮೊಬೈಲು, ಎರಡೂ ಅದೇ ಸಾಲಿನವು. ಉರಿಯುವ ದೇವರ ದೀಪವನ್ನು ಮಾತ್ರ ಆರಿಸಬೇಕು. ರೆಗ್ಯುಲೇಟರ್ ತಿರುಗಿಸಿ, ಆಗುವುದಾದರೆ ಬಿಚ್ಚಿ ದಾರಕ್ಕೆ ಕಟ್ಟಿದ ಪ್ಲಾಸ್ಟಿಕ್ ಮುಚ್ಚಳ ಒತ್ತಿ, ಬಾಗಿಲು ಕಿಟಕಿ ತೆರೆದು ಹೊರಗೆ ಬರಬೇಕು. 1906ಕ್ಕೆ ಫೋನು ಮಾಡುವುದು ಅಂಗಳದಿಂದ. ಆ ಮುಚ್ಚಳವನ್ನು ಸಿಲಿಂಡರ್ ಬಂದ ದಿನವೇ ಕಿತ್ತೆಸೆದಿರುತ್ತೇವೆ, ಅಥವಾ ಮಗು ಆಟಕ್ಕೆ ಒಯ್ದಿರುತ್ತದೆ.

ಇದನ್ನೆಲ್ಲ ಬರೆಯುವ ನಾನೇನೂ ಸಾಚಾ ಅಲ್ಲ. ಹೋದ ವರ್ಷ ಸಣ್ಣ ಉರಿಯಲ್ಲಿ ಹಾಲಿಟ್ಟು ಫೋನಿನಲ್ಲಿ ಹರಟುತ್ತ ಹಿತ್ತಿಲಿಗೆ ಹೋದೆ. ಹಾಲು ಉಕ್ಕಿ ಉರಿ ನಂದಿ, ನಾಬು ತೆರೆದೇ ಇತ್ತು. ವಾಪಸು ಬಂದಾಗ ಒಲೆ ಆರಿದ್ದು ಕಂಡು, ಗ್ಯಾಸು ಮುಗಿದಿರಬೇಕೆಂದುಕೊಂಡು ಲೈಟರ್ ಕೈಗೆತ್ತಿಕೊಂಡಿದ್ದೆ. ನೆಗಡಿಯಿಂದ ಮೂಗು ಕಟ್ಟಿತ್ತು. ಬಾಗಿಲಲ್ಲಿದ್ದ ಮಗಳು ಕೂಗದಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಇನ್ನೂ ಎರಡು ಮನೆ ನೋಡಿದೆವು. ಒಂದರಲ್ಲಿ ಮುಗಿಯುತ್ತ ಬಂದ ಸಿಲಿಂಡರನ್ನು ಮಲಗಿಸಿ ಉರುಳಿಸುತ್ತಿದ್ದರು, ಇನ್ನೆರಡು ದಿನ ಬರಲೆಂದು. ಒಳಗಿರುವುದು ದ್ರವ. ನಿಲ್ಲಿಸಿದ್ದಾಗ ಮೇಲಿನ ಅನಿಲವಷ್ಟೇ ಹೊರಬರುತ್ತದೆ, ಮಲಗಿಸಿದರೆ ದ್ರವವೇ ನುಗ್ಗುತ್ತದೆ, ಹೊರಬಂದ ಮೇಲೆ ಇನ್ನೂರೈವತ್ತು ಪಟ್ಟು ಹಿಗ್ಗುತ್ತದೆ. ಅದನ್ನು ತಡೆಯಲು ರೆಗ್ಯುಲೇಟರಿನ ಕೈಲಾಗುವುದಿಲ್ಲ. ಇನ್ನೊಂದು ಮನೆಗೆ ಆಗಷ್ಟೇ ತುಂಬಿದ ಸಿಲಿಂಡರ್ ಬಂದಿತ್ತು. ರಿಪೇರಿಯವರು ಕಿರುಬೆರಳಿನಿಂದ ವಾಲ್ವಿನೊಳಗೆ ತಡಕಿ ಕಪ್ಪು ವಾಷರು ಇದೆಯೇ ನೋಡಿದರು. ಆ ರಬ್ಬರಿನ ಉಂಗುರ ಹರಿದಿದ್ದರೆ ರೆಗ್ಯುಲೇಟರ್ ಎಷ್ಟು ಬಿಗಿಯಾಗಿ ಕೂತರೂ ಪಕ್ಕದಿಂದ ಸೋರುತ್ತದೆ. ಹಿಡಿಯ ಪಟ್ಟಿಯ ಒಳಮೈಯಲ್ಲಿ 'ಬಿ' ಅಕ್ಷರ, ಪಕ್ಕದಲ್ಲಿ ವರ್ಷದ ಅಂಕಿ. 'ಎ' ಎಂದರೆ ಜನವರಿಯಿಂದ ಮಾರ್ಚ್, 'ಬಿ' ಏಪ್ರಿಲಿನಿಂದ ಜೂನ್, ಹೀಗೆ 'ಡಿ'ವರೆಗೆ. ಅಷ್ಟರೊಳಗೆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. ಖಾಲಿ ತೂಕವೂ ಅಲ್ಲೇ ಇರುತ್ತದೆ, ಅದಕ್ಕೆ 14.2 ಕಿಲೋ ಕೂಡಿಸಿ ತೂಗಿಸಿಕೊಳ್ಳಬಹುದು. ತಂದವರು ಬಾಗಿಲಲ್ಲೇ ತೂಗಿ, ಸೋರಿಕೆ ನೋಡಿ ಕೊಡಬೇಕೆಂಬುದು ನಿಯಮ. ನಮಗೆ ಕೇಳಲು ದಾಕ್ಷಿಣ್ಯ, ಅವರಿಗೆ ಅವಸರ.

ಬೀರೂರು ಜಂಕ್ಷನ್ನಿನಲ್ಲಿ ಹಳಿ ಎರಡಾಗಿ ಒಡೆಯುತ್ತದೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ. ಒಲೆಗಳೂ ಅಲ್ಲಿಂದ ಬೇರೆಯಾಗುತ್ತವೆ.

ಅಜ್ಜಂಪುರ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ಎರೆಹೊಲದ, ಈರುಳ್ಳಿಯ, ಕಡಲೆಯ ಊರು. ಅದಕ್ಕಿಂತ ಮೊದಲು ದನದ ಊರು. ಮೈಸೂರು ಅರಸರ ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು, ಆ ರಾಸುಗಳ ತಳಿ ಸಂವರ್ಧನಾ ಕೇಂದ್ರ ಈಗಲೂ ಇಲ್ಲಿದೆ. ಸುತ್ತಲ ಹಳ್ಳಿಗಳ ಗೋಡೆಗಳ ಮೇಲೆ ಐದು ಬೆರಳಿನ ಗುರುತಿನ ಕುಳ್ಳು ಒಣಗುತ್ತಿದ್ದವು. ನಾನು ಹೋದ ಮನೆಯಲ್ಲಿ ಉಜ್ವಲ ಯೋಜನೆಯ ಸಿಲಿಂಡರ್ ಮೂಲೆಯಲ್ಲಿ ಟವೆಲ್ ಹೊದ್ದು ನಿಂತಿತ್ತು. ಟೀಗೆ, ನೆಂಟರು ಬಂದರೆ ಚಿತ್ರಾನ್ನಕ್ಕೆ. ಮುದ್ದೆಗೆ ಮಾತ್ರ ಮಣ್ಣಿನ ಒಲೆಯೇ.

ರುಚಿಗಾಗಿಯೇ ಎಂದು ಕೇಳಿದೆ. "ರುಚಿ ಗಿಚಿ ಏನಿಲ್ಲ ಕಣಕ್ಕ, ಗ್ಯಾಸ್ ಒಲೆ ಮೇಲೆ ತೊಳಸಕ್ಕೆ ಆಗಲ್ಲ, ಪಾತ್ರೆ ಜಾರುತ್ತೆ" ಎಂದು ತೋಳು ತೋರಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹೊಳೆಯುವ ಸುಟ್ಟ ಕಲೆ. ಗ್ಯಾಸ್ ಬಂದ ಹೊಸತರಲ್ಲಿ ಕಟ್ಟೆಯ ಮೇಲೇ ಹಿಟ್ಟು ತೊಳಸಲು ಹೋಗಿ ಪಾತ್ರೆ ಪಲ್ಟಿಯಾದದ್ದು. ನೆಲದ ಒಲೆಯಲ್ಲಿ ಪಾತ್ರೆ ಗುಂಡುಗಳ ನಡುವೆ ಹೂತು ಕೂರುತ್ತದೆ, ಕೂತವರ ಭಾರವೆಲ್ಲ ಕೋಲಿಗೆ ಬೀಳುತ್ತದೆ. ಗ್ಯಾಸ್ ಒಲೆಯ ನಾಲ್ಕು ಕಡ್ಡಿಗಳ ಮೇಲೆ ಅದು ಬರೀ ನಿಂತಿರುತ್ತದೆ. ಒಲೆಯ ಜೊತೆ ಬಂದ ಪುಸ್ತಕದಲ್ಲಿ ಮುದ್ದೆಯ ಮಾತಿಲ್ಲ. ಈ ಕಡೆಯವರು ತಾವೇ ದಾರಿ ಕಂಡುಕೊಂಡಿದ್ದಾರೆ: ಎಸರು ಕುದಿದು ಹಿಟ್ಟು ಬೆಂದ ಮೇಲೆ ಉರಿ ಆರಿಸಿ, ಪಾತ್ರೆಯನ್ನು ನೆಲದ ಮೇಲಿನ ಸಿಂಬೆಗೆ ಇಳಿಸಿ, ಕೂತು ತೊಳಸುವುದು. ಸುಟ್ಟ ದಿನ ಆಕೆಯ ತೋಳಿಗೆ ಮೊದಲು ಟೂತ್‌ಪೇಸ್ಟು, ಆಮೇಲೆ ಅರಿಸಿನ, ಕೊನೆಗೆ ಶಾಯಿ ಬಳಿದರಂತೆ. ಬೇಕಿದ್ದದ್ದು ನಲ್ಲಿ ನೀರು, ಇಪ್ಪತ್ತು ನಿಮಿಷ.

ಆ ಮಣ್ಣಿನ ಒಲೆಯ ಪಕ್ಕದಲ್ಲಿ ಮೂರು ಕಣ್ಣಿನ ಇನ್ನೊಂದು ಒಲೆಯ ಅವಶೇಷವಿತ್ತು. ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಿಂದ ಬಂದದ್ದು. ಹಳೇ ಒಲೆಯಲ್ಲಿ ಸೌದೆಯ ಶಾಖದ ನೂರರಲ್ಲಿ ಹತ್ತು ಹನ್ನೆರಡು ಪಾಲು ಪಾತ್ರೆಗೆ ತಾಗಿದರೆ, ಇದರಲ್ಲಿ ಮೂವತ್ತಕ್ಕೂ ಹೆಚ್ಚು. ಹೊಗೆ ಕೊಳವೆಯಲ್ಲಿ ಹೊರಕ್ಕೆ. ಒಳ್ಳೆಯ ಒಲೆ, ಈಗಲೂ ನನಗೆ ಅದರ ಮೇಲೆ ಗೌರವ. ಆದರೆ ಕೊಳವೆಯೊಳಗಿನ ಇಲ್ಲಣವನ್ನು ಆಗಾಗ ಕೆರೆದು ಬೀಳಿಸಬೇಕು. ಇಲ್ಲದಿದ್ದರೆ ಹೊಗೆ ಮನೆಗೇ ತಿರುಗುತ್ತದೆ, ಇಲ್ಲಣಕ್ಕೇ ಬೆಂಕಿ ಹತ್ತುವುದೂ ಉಂಟು. ಇಲ್ಲಿ ಕೊಳವೆ ಒಡೆದಾಗ ಒಲೆಯನ್ನೇ ಬಿಟ್ಟರು.

ಹಸಿ ಸೌದೆ ಹೊತ್ತಿಸಲು ಹಿಂದೆ ರೇಷನ್ನಿನ ನೀಲಿ ಸೀಮೆಎಣ್ಣೆ ಇತ್ತು. ಈಗ ಅದು ಸಿಗದೆ ಹುಡುಗರು ಬೈಕಿನಿಂದ ಪೆಟ್ರೋಲು ಇಳಿಸಿಕೊಡುತ್ತಾರೆಂದು ಪಕ್ಕದ ಮನೆಯವರು ಸಲೀಸಾಗಿ ಹೇಳಿದರು. ಕೆಂಡ ಕಾಣದ ಬೂದಿಯ ಮೇಲೆ ಪೆಟ್ರೋಲು ಸುರಿದರೆ ಅದು ಸುರಿದ ಕೈಯವರೆಗೂ ಏರುತ್ತದೆ. ಒಣ ಸೋಗೆ, ಎರಡು ಕರಟ, ಒಂದು ಚೂರು ತಾಳ್ಮೆ ಸಾಕಲ್ಲ ಎಂದರೆ ನಕ್ಕರು.

ತರೀಕೆರೆ ತಲುಪುವ ಹೊತ್ತಿಗೆ ಅಡಿಕೆ ಬೇಯುವ ವಾಸನೆ ರಸ್ತೆಗೇ ಬರುತ್ತಿತ್ತು. ಕೊಯ್ಲಿನ ಕಾಲ. ಹಿತ್ತಿಲಲ್ಲಿ ಹೂತ ಒಲೆಯ ಮೇಲೆ ಅಗಲ ಬಾಯಿಯ ತಾಮ್ರದ ಹಂಡೆ, ಅದರಲ್ಲಿ ಕುದಿಯುವ ಕೆಂಪು ಚೊಗರು, ಸುಲಿದ ಅಡಿಕೆ. ಹಂಡೆಯ ಬಾಯಿ ಹೆಚ್ಚುಕಡಿಮೆ ನೆಲಮಟ್ಟಕ್ಕೇ ಇತ್ತು, ಸುತ್ತ ಜಾರುವ ಸಿಪ್ಪೆ. ಸುಲಿಯುವ ಹೆಂಗಸರ ಮಕ್ಕಳು ಅಲ್ಲೇ ಓಡಾಡುತ್ತಿದ್ದವು. ಮನೆಯ ಅಜ್ಜಿ ಒಲೆಯ ಸುತ್ತ ಅಡಿಕೆ ದಬ್ಬೆಯ ಅಡ್ಡ ಕಟ್ಟಿಸಿದ್ದರು, ಅದನ್ನು ದಾಟಿದ ಮಗುವಿಗೆ ಬೆತ್ತ ತೋರಿಸುತ್ತ ಕೂತಿದ್ದರು. ಮೊನ್ನೆ ಬಾಣಂತಿ ಮೊಮ್ಮಗಳ ಕೋಣೆಗೆ ಕೆಂಡದ ಬಾಂಡ್ಲಿ ಇಟ್ಟು ಬಾಗಿಲು ಹಾಕಿದ್ದಕ್ಕೂ ಸೊಸೆಗೆ ಬೈದರಂತೆ. ಮುಚ್ಚಿದ ಕೋಣೆಯ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಜರಿನಿಂದ ಏಳುವುದೂ ಅದೇ. ಅಜ್ಜಿಗೆ ಆ ಹೆಸರು ಗೊತ್ತಿಲ್ಲ. "ತಲೆ ಹಿಡಿಯುತ್ತೆ, ಆಮೇಲೆ ಏಳಕ್ಕೇ ಆಗಲ್ಲ" ಎಂದರು.

ಕತ್ತಲಾಯಿತು. ಕೊನೆಯ ಹಂಡೆ ಇಳಿಸಿ ಆಳುಗಳು ಹೋದರು. ಅಜ್ಜಿ ಎದ್ದು ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಹಿಂದಕ್ಕೆಳೆದು ನೀರು ಚಿಮುಕಿಸಿದರು. ಸುಂಯ್ ಎಂದು ಆರಿದವು. ಕೆಂಡಗಳನ್ನು ಒಟ್ಟು ಮಾಡಿ ಮೇಲೆ ಬೂದಿ ಎಳೆದರು. ಬಿದ್ದಿದ್ದ ಸಿಪ್ಪೆಯನ್ನು ಕಾಲಿನಿಂದ ಒಲೆಯಿಂದ ಮಾರುದೂರಕ್ಕೆ ಸರಿಸಿದರು, ಬೂದಿಯ ಮೇಲೆ ಅಂಗೈ ಹಿಡಿದು ಕಾವು ನೋಡಿದರು. ಎಪ್ಪತ್ತು ವರ್ಷ ದಿನಾ ಮಾಡಿದ ಕೆಲಸ. ಆಮೇಲೆ ಮನೆಯ ಕಡೆ ತಿರುಗಿ ಕೂಗಿದರು.

"ಅದನ್ನ ಮುಚ್ಚಿದ್ಯೇನೇ?"

"ಆಗ್ಲೇ ಮುಚ್ಚಿದೆ ಅತ್ತೆ" ಎಂದಿತು ಒಳಗಿನ ದನಿ, ಟೀವಿಯ ಸದ್ದಿನ ನಡುವಿನಿಂದ.

ಅಜ್ಜಿ ಅಲ್ಲೇ ನಿಂತರು. ಸ್ವಲ್ಪ ಹೊತ್ತಿಗೆ ಚಪ್ಪಲಿಯ ಸದ್ದು ನಡುಮನೆಯಿಂದ ಅಡುಗೆಮನೆಗೆ ಹೋಯಿತು. ರೆಗ್ಯುಲೇಟರ್ ತಿರುಗಿದ 'ಟಕ್' ಹಿತ್ತಿಲಿಗೇ ಕೇಳಿಸಿತು.